ಅಂಜನಾಳ ಟ್ಯೂಷನ್

ಬೆಲ್ ಒತ್ತಲು ಎತ್ತಿದ ಕೈ ಅಲ್ಲೇ ನಿಂತಿತು. ಒಳಗಿನಿಂದ ಕೇಳಿಬಂದದ್ದು ಮಗಳ ದನಿ. ಶಶಿಕಾಂತ ಕಿಟಕಿಯಲ್ಲಿ ಇಣುಕಿದ. ಚಾಪೆಯ ಮೇಲೆ ಏಳೆಂಟು ಚಿಕ್ಕ ಮಕ್ಕಳು. ಅವರ ನಡುವೆ ಬೆನ್ನು ಬಾಗಿಸಿ, ಆದಷ್ಟೂ ಚಿಕ್ಕದಾಗಿ ಕೂರಲು ನೋಡುತ್ತಿದ್ದ ಹದಿನಾಲ್ಕು ವರ್ಷದ ಅಂಜನಾ.

"ಅಕ್ಕ, ಚುಕ್ಕೆ ಅಲ್ಲಲ್ಲ, ಇಲ್ಲಿಡ್ಬೇಕು," ಎಂದು ಪಕ್ಕದ ಎರಡು ಜಡೆಯ ಹುಡುಗಿ ಲೆಕ್ಕದ ಮೇಲೆ ಬೆರಳಿಟ್ಟು ತೋರಿಸಿದಳು. ಅಂಜನಾ ತಲೆಯಾಡಿಸಿ ತಿದ್ದಿಕೊಂಡಳು.

ಸಂಜೆ ಅವಳು ಗೆಳತಿಯ ಮನೆಗೆ ಚಿತ್ರ ಬಿಡಿಸಲು ಹೋಗುತ್ತಾಳೆಂದೇ ಅವನು ತಿಳಿದಿದ್ದ. ವಸಂತಪುರದ ಈ ಮನೆಗೆ ಅವನು ಬಂದದ್ದು ನಿವೃತ್ತ ಟೀಚರ್ ಸತ್ಯಭಾಮಾ ಅವರನ್ನು ಭಾನುವಾರದ ಸಭೆಗೆ ಕರೆಯಲು. ಅವನೂ ಸ್ನೇಹಿತರೂ ಸೇರಿ ಅಂಜನಾಪುರದಲ್ಲಿ ಕಲಿಕಾ ಕೇಂದ್ರ ಕಟ್ಟಿ ಒಂಬತ್ತು ವರ್ಷವಾಗಿತ್ತು. ಅಲ್ಲಿ ತರಗತಿಯಿಲ್ಲ, ಪರೀಕ್ಷೆಯಿಲ್ಲ. ಊರಿನ ಹಳಬ ತಿಮ್ಮರಾಯಪ್ಪ ರಾಗಿ ಬಿತ್ತುವುದನ್ನು ಕಲಿಸುತ್ತಾರೆ, ಸೊಣ್ಣಮ್ಮ ಹೊಲದಲ್ಲಿ ತಾನಾಗೇ ಬೆಳೆಯುವ ಬೆರಕೆ ಸೊಪ್ಪು ಗುರುತಿಸುವುದನ್ನು. ಮೇಷ್ಟರಾಗಿದ್ದ ತಂದೆಯ ಬೆತ್ತಕ್ಕೆ ಹೆದರಿ ಬೆಳೆದ ಶಶಿಕಾಂತ, ತನ್ನ ಮಗಳು ಯಾರಿಗೂ ಹೆದರಬಾರದೆಂದು ಇಷ್ಟೆಲ್ಲ ಮಾಡಿದ್ದ. ಪ್ರತಿ ಸಭೆಯಲ್ಲೂ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ನನ್ನ ಮಗಳು ಇವತ್ತಿನವರೆಗೆ ಒಂದೂ ಪರೀಕ್ಷೆ ಬರೆದಿಲ್ಲ," ಎಂದೇ ಮಾತು ಶುರುಮಾಡುತ್ತಿದ್ದ. ಚಪ್ಪಾಳೆ ಬೀಳುತ್ತಿತ್ತು.

ಬಾಗಿಲು ತೆರೆದು ಸತ್ಯಭಾಮಾ ಹೊರಗೆ ಬಂದರು. "ಟ್ಯೂಷನ್ ವಿಚಾರಾನಾ ಸಾರ್?"

"ಹೂಂ," ಎಂದುಬಿಟ್ಟ. "ಆ ದೊಡ್ಡ ಹುಡುಗಿ..."

"ಅವಳಾ? ಬಲು ಚುರುಕು. ದನದ ಡಾಕ್ಟ್ರಾಗ್ಬೇಕಂತೆ. ಅವಳು ಕಲಿಯೋ ಜಾಗದಲ್ಲಿ ತಾತ ಒಬ್ಬರ ಹಸು ಹುಷಾರು ತಪ್ಪಿದಾಗ ಮೂರು ದಿನ ಇವಳೇ ಆರೈಕೆ ಮಾಡಿದ್ಳಂತೆ. ನೋಡೋಕೆ ಬಂದ ಡಾಕ್ಟ್ರು ಶಭಾಷ್ ಅಂದು, ಯಾವ ಕ್ಲಾಸಮ್ಮ ಅಂತ ಕೇಳಿದ್ರಂತೆ. ಏನ್ ಹೇಳ್ತಾಳೆ ಪಾಪ. ಮಾರನೇ ದಿನ ಇಲ್ಲಿಗೆ ಬಂದ್ಳು."

"ಮನೇಲಿ ಗೊತ್ತಾ?"

"ತಾಯಿಗೆ ಗೊತ್ತು. ಅಪ್ಪಂಗೆ ಹೇಳಿಲ್ಲ. ಬಯ್ಯೋ ಅಪ್ಪ ಆಗಿದ್ರೆ ಹೇಳ್ಬಿಡ್ತಿದ್ದೆ ಟೀಚರ್, ನಮ್ಮಪ್ಪ ಒಳ್ಳೇವ್ರು, ನೊಂದ್ಕೋತಾರೆ ಅಂತಾಳೆ."

ಆಮೇಲೆ ಬರುತ್ತೇನೆಂದು ಏನೋ ಗೊಣಗಿ ಅವನು ಗೇಟು ದಾಟಿದ. ತಿರುವಿನ ಬೇಕರಿಯ ಮುಂದೆ ನಿಲ್ಲಿಸಿದ್ದ ಸ್ಕೂಟರ್ ಹತ್ತಿದನೇ ಹೊರತು ಸ್ಟಾರ್ಟ್ ಮಾಡಲಿಲ್ಲ. ಯಾವ ಕ್ಲಾಸಮ್ಮ? ಹೋದ ವರ್ಷ ನೆಂಟರ ಮದುವೆಯಲ್ಲೂ ಯಾರೋ ಇದನ್ನೇ ಕೇಳಿದ್ದರು. ಅಂಜನಾ ಬಾಯಿ ತೆರೆಯುವ ಮೊದಲೇ, "ನಮ್ಮಲ್ಲಿ ಕ್ಲಾಸಿಲ್ಲ, ಕಲಿಕೆ ಮಾತ್ರ," ಎಂದು ಅವನೇ ಉತ್ತರಿಸಿದ್ದ. ಸುತ್ತಲಿದ್ದವರೆಲ್ಲ ನಕ್ಕಿದ್ದರು. ಅವಳು ಏನು ಹೇಳಲು ಹೊರಟಿದ್ದಳೋ ಅವನು ಆಮೇಲೂ ಕೇಳಿರಲಿಲ್ಲ.

ಅವನು ಸ್ಕೂಟರಿನಿಂದಿಳಿದು ವಾಪಸು ನಡೆದ.

"ಟೀಚರ್, ಆಗ್ಲೇ ಹೇಳೋಕಾಗ್ಲಿಲ್ಲ. ನಾನೇ ಅಂಜನಾ ಅವರಪ್ಪ."

ಸತ್ಯಭಾಮಾ ಅವನನ್ನು ಒಂದು ಗಳಿಗೆ ನೋಡಿದರು. "ಒಳಗ್ ಬನ್ನಿ," ಎಂದಷ್ಟೇ ಅಂದರು.

ಮಕ್ಕಳ ಗದ್ದಲ ನಿಂತಿತು. ಅಂಜನಾ ತಲೆಯೆತ್ತಿದವಳೇ ಎರಡೂ ಅಂಗೈಗಳಿಂದ ನೋಟ್‌ಬುಕ್ಕನ್ನು ಮುಚ್ಚಿಕೊಂಡಳು.

"ಅಪ್ಪ, ನಾನು ಕೇಂದ್ರ ಬಿಡಲ್ಲ. ಇದು ಸಂಜೆ ಮಾತ್ರ," ಎಂದಳು. "ಮೀಟಿಂಗಲ್ಲಿ ನೀವು ನನ್ ಬಗ್ಗೆ ಹೇಳ್ತೀರಲ್ಲ, ನಾನು ಪರೀಕ್ಷೆ ಬರೆದ್ರೆ ಅದು ಸುಳ್ಳಾಗ್ಬಿಡುತ್ತೆ ಅಂತ ನಿಮ್ಗೆ ಹೇಳ್ಲಿಲ್ಲ."

ಎರಡು ಜಡೆಯ ಹುಡುಗಿ ಸರಿದು ಜಾಗ ಬಿಟ್ಟಳು. ಅವನು ಚಾಪೆಯ ಮೇಲೆ ಕುಳಿತ.

"ಯಾವ್ದು ಬರ್ತಿಲ್ಲ, ತೋರ್ಸಮ್ಮ," ಎಂದ.

ಅವಳ ಕೈ ತಕ್ಷಣ ಏಳಲಿಲ್ಲ. ಬೆರಳ ಸಂದಿಯಲ್ಲಿ, ರಬ್ಬರು ಉಜ್ಜಿ ಉಜ್ಜಿ ತೆಳುವಾದ ಹಾಳೆಯ ಒಂದು ಚೂರು ಮಾತ್ರ ಕಾಣುತ್ತಿತ್ತು.