ಎಲ್ಮರ್ ಪಿಸ್ತೂಲು ಮಾರಲು ಹೊರಟಿದ್ದು

ಸೇಬು ತುಂಬಿ ಬೇಯಿಸಿದ ಪೈ ವಾಸನೆ, ಅದರ ಬೆನ್ನಿಗೇ ಬಂದೂಕಿನ ಎಣ್ಣೆ ವಾಸನೆ, ಎರಡೂ ಮೂಗಿನೊಳಗೆ ಜಗಳಕ್ಕೆ ಬಿದ್ದಿವೆ, ಅಗ್ನಿಶಾಮಕದವರ ಸಭಾಂಗಣದಲ್ಲಿ ಬಂದೂಕು ಸಂತೆ ಅಂದರೆ ಪ್ರತಿವರ್ಷ ಇದೇ ಕಥೆ, ಆದರೆ ಈ ಸಲ ಎಲ್ಮರ್ ನೋಡಲು ಬಂದವನಲ್ಲ, ಮಾರಲು ಬಂದವನು — ಖಾಲಿ ಪಿಸ್ತೂಲಿನ ನಳಿಗೆಗೆ ಕಡ್ಡಿ ಸಿಕ್ಕಿಸಿ, ಕಡ್ಡಿಯ ತುದಿಗೆ ಬೆಲೆಚೀಟಿ ಅಂಟಿಸಿ, ಎಲ್ಲರ ಹಾಗೆ ಮೇಜುಗಳ ನಡುವೆ ಸುತ್ತುತ್ತಿದ್ದಾನೆ, ಯಾರಾದರೂ ಎದುರು ಬಂದರೆ ಮಾತ್ರ ಚೀಟಿಯನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಾನೆ, ಇಂಥ ವ್ಯಾಪಾರಿಯನ್ನು ಪೆನ್ಸಿಲ್ವೇನಿಯಾ ಕಂಡಿರಲಾರದು. ಆಗಲೇ ಒಬ್ಬ ಬಂದಿದ್ದ, ಸೊಂಟದಲ್ಲಿ ಆಟಿಕೆಯಂಥ ಪ್ಲಾಸ್ಟಿಕ್ ಪಿಸ್ತೂಲು, ಅಯ್ಯಪ್ಪಾ ಏನ್ ಭಾರ ಇದು, ಹೊರೋಕೆ ಒಂದು ಕತ್ತೆ ಬೇಕಲ್ಲಾ ಯಜಮಾನ್ರೇ, ಅಂದ. ಕತ್ತೆ ನೀನೇ ಇದ್ದೀಯಲ್ಲ ಅನ್ನಬೇಕಿತ್ತು, ಛೆ, ಆಗ ಹೊಳೆಯಲಿಲ್ಲ. ಇನ್ನೊಬ್ಬ, ನಮ್ಮ ಬಾರಿನ ಗೋಡೆಗೆ ತೂಗುಹಾಕ್ತೀನಿ ಅಂದ, ಗೋಡೆಗೆ! ಅಪ್ಪಟ ಉಕ್ಕು, ಮೂವತ್ತು ವರ್ಷ ಜೊತೆಗಿದ್ದದ್ದು, ಸತ್ತ ಜಿಂಕೆಯ ತಲೆಯ ಪಕ್ಕದಲ್ಲಿ! ಇಬ್ಬರಿಗೂ ಒಂದೇ ಪಾಠ ಒಪ್ಪಿಸಿದ್ದಾನೆ — ನಂಗೂ ಮಾರೋಕೆ ಇಷ್ಟ ಇಲ್ಲ ಕಣ್ರಪ್ಪ, ಏನ್ ಮಾಡ್ಲಿ, ಅರ್ಲೀನ್ ತಲೆ ತಿಂತಾಳೆ. ಪಾಪ ಅರ್ಲೀನ್, ಹೆಂಡತಿ ಅನ್ನಿಸಿಕೊಂಡ ತಪ್ಪಿಗೆ ಆಪಾದನೆ ಹೊತ್ತಿದ್ದಾಳೆ, ಅವಳಿಗೆ ಇದರ ಸುಳಿವೂ ಇಲ್ಲ, ಆ ತುದಿಯಲ್ಲಿ ಏಪ್ರನ್ ಕಟ್ಟಿಕೊಂಡು ಪೈ ಮಾರುತ್ತಿದ್ದಾಳೆ.

ನಿಜ ಬೇರೆ. ನಿಜ ಅಂದರೆ ಸೋತುಹೋದ ಈ ಬಲಗೈ ಮಣಿಕಟ್ಟು, ಚಳಿಗಾಲದಲ್ಲಿ ಪಿಸ್ತೂಲು ಒರೆಸಲು ಕೂತಾಗ ಮೇಲೆ ಹಿಂದೆಮುಂದೆ ಜಾರುವ ಉಕ್ಕಿನ ಸ್ಲೈಡು ಹಿಂದಕ್ಕೆ ಬರಲೇ ಇಲ್ಲ, ಎಳೆದ, ಬೈದ, ಮಂಡಿಗಳ ಮಧ್ಯೆ ಇಟ್ಟು ಎಳೆದ, ಮುಖ ಬೀಟ್‌ರೂಟ್ ಆಯಿತೇ ಹೊರತು ಸ್ಲೈಡು ಜಪ್ಪಯ್ಯ ಅನ್ನಲಿಲ್ಲ, ಬೆಕ್ಕು ಇದನ್ನೆಲ್ಲ ನೋಡಿ ಆಚೆ ಎದ್ದುಹೋಯಿತು. ಕೈಯಲ್ಲಿ ಆಗುವುದಿಲ್ಲ ಅಂತ ಬಾಯಿಬಿಟ್ಟು ಹೇಳುವುದಕ್ಕಿಂತ ಮಾರಿಬಿಡುವುದು ಮೇಲು, ಮಾರಿದರೆ ಯಾರಿಗೂ ಗೊತ್ತಾಗುವುದಿಲ್ಲ, ಮರ್ಯಾದೆ ಉಳಿಯುತ್ತದೆ — ಆದರೆ ಮಾರಿದ ಮೇಲೆ ಹಾಸಿಗೆ ಪಕ್ಕದ ಡ್ರಾಯರು? ಎಳೆದರೆ ಬರೀ ಕೆಮ್ಮಿನ ಮಾತ್ರೆ! ಥೂ, ಅಳು ಬರುತ್ತದೆ.

ನೋಡ್ಬಹುದಾ, ಅಂತ ಒಬ್ಬ ಹೆಂಗಸು ಕೈ ಚಾಚಿದ್ದಾಳೆ, ಕ್ರಿಸ್ಟಾ, ಶಾಲೆಯ ಬಸ್ಸು ಓಡಿಸುವವಳು, ಕಡ್ಡಿ ತೆಗೆದಳು, ನಳಿಗೆಯನ್ನು ಖಾಲಿ ಗೋಡೆಯ ಕಡೆ ತಿರುಗಿಸಿ ಸ್ಲೈಡನ್ನು ಸರಕ್ಕನೆ ಎಳೆದಳು, ಕಿಟಕಿ ಪರದೆ ಸರಿಸಿದಷ್ಟು ಸಲೀಸು, ಎಲ್ಮರ್ ತನ್ನ ಬಲಗೈಯನ್ನು ಜೇಬಿಗೆ ತುರುಕಿದ. ಚಿನ್ನದಂಥ ಪಿಸ್ತೂಲು, ಚೀಟೀಲಿರೋ ಬೆಲೆಗೇ ತಗೋತೀನಿ. ಬಾಯಿಗೆ ಅದೇ ಪಾಠ ಬಂತು, ಏನ್ ಮಾಡ್ಲಿ, ನನ್ನ ಹೆಂಡ್ತಿ… ಓ, ಅರ್ಲೀನ್ ಮಾರು ಅಂದ್ರಾ? ಇರಿ, ಥ್ಯಾಂಕ್ಸ್ ಹೇಳ್ಬರ್ತೀನಿ! ಬೇಡಮ್ಮ ಅನ್ನುವಷ್ಟರಲ್ಲಿ ಅವಳು ಪೈ ಮೇಜಿನ ಹತ್ತಿರ, ಪಿಸ್ತೂಲು ಇವನ ಕೈಯಲ್ಲಿ, ಅರ್ಲೀನಳ ಹುಬ್ಬು ನೆತ್ತಿಯಲ್ಲಿ.

ಬಂದಳು ಅರ್ಲೀನ್, ಜನವನ್ನು ಸೀಳಿಕೊಂಡೇ ಬಂದಳು. ನಾನ್ ಯಾವಾಗಯ್ಯಾ ಮಾರು ಅಂದೆ? ಅಲ್ಲ, ನೀನು… ತೂಕ ಜಾಸ್ತಿ… ಎಲ್ಮರ್! ಎಲ್ಲರೂ ತಿರುಗಿ ನೋಡುತ್ತಿದ್ದಾರೆ, ಪ್ಲಾಸ್ಟಿಕ್ ಪಿಸ್ತೂಲಿನವನೂ, ಒಳ್ಳೆಯ ಸುಳ್ಳೊಂದು ಬೇಕು, ಒಂದೇ ಒಂದು, ಸಿಗುತ್ತಿಲ್ಲ, ಬಾಯಿಂದ ನಿಜವೇ ಜಾರಿತು — ಎಳೆಯೋಕಾಗ್ತಿಲ್ಲ ಕಣೇ. ಅಷ್ಟೇನಾ? ಉಪ್ಪಿನಕಾಯಿ ಬಾಟ್ಲಿ ಮುಚ್ಚಳ ತೆಗೆಯೋಕಾಗ್ದೆ ಇಷ್ಟು ವರ್ಷ ನಿನ್ ಹತ್ರ ತರ್ಲಿಲ್ವಾ ನಾನು? ಉಪ್ಪಿನಕಾಯಿ ತಿನ್ನೋದ್ ಬಿಟ್ನಾ? ಕೊಡಿಲ್ಲಿ. ಪಿಸ್ತೂಲಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಗೋಡೆ ಕಡೆ ತಿರುಗಿಸಿದಳು, ಹೂಂ, ನೀನು ಎಳಿ, ನಾನು ನೂಕ್ತೀನಿ. ದೇವರೇ, ಇನ್ನು ಕಳ್ಳ ಬಂದರೆ ಅವನೇ ಹಾಸಿಗೆ ಬುಡದಲ್ಲಿ ಕೂತು ಕಾಯಬೇಕು, ಮೊದಲು ಇಬ್ಬರ ಕನ್ನಡಕ ಸಿಗಬೇಕು, ಆಮೇಲೆ ಇಬ್ಬರೂ ಎದ್ದು ಕೂರಬೇಕು, ಸ್ವಲ್ಪ ಇರಪ್ಪಾ ಅನ್ನಬೇಕು — ಎಳೆದ, ನೂಕಿದಳು, ಅವಳ ಹೆಬ್ಬೆರಳು ಅವನ ಬೆರಳಿಗೆ ಒತ್ತಿತು, ಹಿಟ್ಟು ಮೆತ್ತಿದ ಹೆಬ್ಬೆರಳು, ಸರಕ್! ಯಾರೋ ಚಪ್ಪಾಳೆ ತಟ್ಟಿದರು. ಹಂಗಾದ್ರೆ ಮಾರಲ್ವಾ, ಕ್ರಿಸ್ಟಾ ಕೇಳುತ್ತಿದ್ದಾಳೆ, ಇಲ್ಲಮ್ಮ, ತಪ್ಪು ತಿಳ್ಕೋಬೇಡ, ಅಂದನೋ, ಅನ್ನಬೇಕು ಅಂದುಕೊಂಡನೋ, ಪೈ ಆರ್ತಿದೆ, ಕೈ ಬಿಡೋ ಅಂದಳು ಅರ್ಲೀನ್, ಬಿಡಬೇಕು, ಬಿಡುತ್ತಾನೆ, ಆ ಹೆಬ್ಬೆರಳು, ಉಗುರ ಸಂದಿಯಲ್ಲೂ ಹಿಟ್ಟು, ಹೆಬ್ಬೆರಳು.