ಒಂದು ಸೈಜು ದೊಡ್ಡದು

ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಬಸ್‌ಸ್ಟಾಪಿನೆದುರು ಸರ್ವಮಂಗಳಾಳ ಟೈಲರಿಂಗ್ ಅಂಗಡಿಗೆ ಈಗ ಮೊದಲಿಗಿಂತ ಹೆಚ್ಚು ಜನ ಬರುತ್ತಿದ್ದರು. ಹೊಲಿಸುವುದಕ್ಕೆ ಮಾತ್ರ ಯಾರೂ ಬರುತ್ತಿರಲಿಲ್ಲ. ತೋಟದೊಳಗಿನ ಮನೆಗಳಿಗೆ ದಾರಿಯೂ ಇಲ್ಲ, ನೆಟ್‌ವರ್ಕೂ ಇಲ್ಲ ಎಂದು ಕೊಪ್ಪದಿಂದ ಪಾರ್ಸೆಲ್ ತರುವ ನಿತೀಶ್ ಊರಿನವರು ಆನ್‌ಲೈನಲ್ಲಿ ತರಿಸುವ ರೆಡಿಮೇಡ್ ಬಟ್ಟೆಯ ಡಬ್ಬಗಳನ್ನೆಲ್ಲ ಅವಳಲ್ಲೇ ಇಳಿಸಿ ಹೋಗುತ್ತಿದ್ದ. ಇಟ್ಟುಕೊಂಡದ್ದಕ್ಕೆ ಅವಳಿಗೆ ಡಬ್ಬವೊಂದಕ್ಕೆ ಐದು ರೂಪಾಯಿ. ತನ್ನ ಕುತ್ತಿಗೆಗೆ ಬೀಳುವ ಹಗ್ಗವನ್ನು ತಾನೇ ಕಾಯುವುದಕ್ಕೆ ಅದೇನೂ ಕಡಿಮೆ ಕೂಲಿಯಲ್ಲ.

"ಹೊಲಿಯೋದಕ್ಕಿಂತ ಇದೇ ಗಿಟ್ತದೆ ನಿಮ್ಗೆ, ಮಂಗಳಕ್ಕ," ಎಂದು ಅವನು ನಗುತ್ತಿದ್ದ.

ಅಂಥದರಲ್ಲಿ ವನಜಮ್ಮನ ಮಗಳು ಕಾವ್ಯಳ ಮದುವೆ ಗೊತ್ತಾಗಿ ಸರ್ವಮಂಗಳಾಳಿಗೆ ಜೀವ ಬಂದಿತ್ತು. ಮದುಮಗಳ ಧಾರೆ ರವಕೆಯನ್ನು ಮಂಟಪದಲ್ಲಿರುವ ಅಷ್ಟೂ ಹೆಂಗಸರು ನೋಡುತ್ತಾರೆ. ಅದೊಂದು ಚೆನ್ನಾಗಿ ಕೂತರೆ ಹಿಂದೆಯೇ ಮೂವತ್ತು ರವಕೆ ಬರುತ್ತವೆ. ವನಜಮ್ಮನ ಧಾರೆಗೆ ಹೊಲಿದವಳೂ ಇವಳೇ. ಇದೂ ಕೈತಪ್ಪಿದರೆ ಅಂಗಡಿ ಉಳಿಯುವುದಿಲ್ಲ.

ಆದರೆ ಕಾವ್ಯ ಬಂದದ್ದು ಬಟ್ಟೆ ಕೊಡುವುದಕ್ಕಲ್ಲ, ಪಾರ್ಸೆಲ್ ಒಯ್ಯುವುದಕ್ಕೆ. ಬೆನ್ನ ತುಂಬ ಮಣಿ ಕೆಲಸದ ಕೆಂಪು ರೆಡಿಮೇಡ್ ರವಕೆ. ಪರದೆಯ ಹಿಂದೆ ಹೋಗಿ ಹಾಕಿಕೊಂಡು ಬಂದಳು. ಎರಕ ಹೊಯ್ದಂತೆ ಕೂತಿತ್ತು. ಸರ್ವಮಂಗಳಾ ಹೆಗಲಿಂದ ಸೊಂಟದವರೆಗೆ ತಪ್ಪು ಹುಡುಕಿದಳು. ಸಿಗಲಿಲ್ಲ.

"ಎಂತಕ್ಕ, ಹೇಗೆ ಕೂತಿದೆ?"

"ಹೇಳೋದೋ ಬೇಡವೋ ಅಂತ. ಕಂಕುಳಲ್ಲಿ ಬಿಗೀತಾ ಇದೆ ನೋಡು. ಕೈ ಎತ್ತಿ ಮಾಲೆ ಹಾಕ್ಬೇಕಲ್ಲ ಮಾರಾಯ್ತಿ? ಐನೂರು ಜನರ ಎದುರು ಟರ್ರ್ ಅಂದ್ರೆ?"

ಕಾವ್ಯ ಕಂಕುಳ ಹೊಲಿಗೆಯನ್ನು ಮುಟ್ಟಿ ನೋಡಿಕೊಂಡಳು. "ಈಗ ಎಂತ ಮಾಡದು?"

"ವಾಪಸ್ ಕಳ್ಸು. ನಿನ್ನ ಮೈಗೆ ಒಂದು ಸೈಜು ದೊಡ್ಡದು ಬೇಕು. ಅಳತೆ ಕೊಟ್ರೆ ನಂಗೆ ಎರಡು ದಿನದ ಕೆಲಸ."

"ಹ್ಞೂಂ," ಎಂದಳು ಕಾವ್ಯ. ಆ ಹ್ಞೂಂ ತನ್ನ ಕೊನೆಯ ಮಾತಿಗೆ ಎಂದು ಸರ್ವಮಂಗಳಾ ತಿಳಿದಳು. ಮರುದಿನವೇ ಕೊಪ್ಪಕ್ಕೆ ಹೋಗಿ ಲೈನಿಂಗ್ ಬಟ್ಟೆ, ಜರಿ ನೂಲು ತಂದಿಟ್ಟು ಕಾದಳು.

ವಾರ ಕಳೆದು ಬಂದದ್ದು ಇನ್ನೊಂದು ಡಬ್ಬ. ಅದರ ಹಿಂದೆಯೇ ತಾಯಿ ಮಗಳು ಬಂದರು.

"ನೀ ಹೇಳಿದ್ದು ಒಳ್ಳೇದಾಯ್ತು ಮಂಗಳಾ," ಎಂದರು ವನಜಮ್ಮ. "ಒಂದು ಸೈಜು ದೊಡ್ಡದೇ ತರ್ಸಿದ್ಲು. ಪುಕ್ಕಟೆ ಬದಲಾಯ್ಸಿ ಕೊಟ್ರಂತೆ. ಎಂಥಾ ಮರ್ಯಾದಸ್ಥರು!"

ಹಾಕಿ ನೋಡಿದರೆ ಗದ್ದೆಯಲ್ಲಿ ಹಕ್ಕಿ ಓಡಿಸಲು ನಿಲ್ಲಿಸುವ ಬೆರ್ಚಪ್ಪನಿಗೆ ತೊಡಿಸಿದಂತಿತ್ತು.

"ಒಂಚೂರು ಹೊಲಿಗೆ ಹಿಡಿದುಕೊಡಿ ಅಕ್ಕ, ನಾಡಿದ್ದೇ ಮದುವೆ," ಎಂದು ಕಾವ್ಯ ಗೋಡೆಯ ಕೋಡ್ ಸ್ಕ್ಯಾನ್ ಮಾಡಿ ಅರವತ್ತು ರೂಪಾಯಿ ಹಾಕಿದಳು.

ಬೇಕೆಂದೇ ಬೆರಳಗಲ ತಪ್ಪಿಸಿಬಿಡಲೇ ಎಂದು ಸರ್ವಮಂಗಳಾಳಿಗೆ ಅನಿಸದೆ ಇರಲಿಲ್ಲ. ಆದರೆ ಕೆಟ್ಟರೆ ಕೆಡುವುದು ಕಂಪನಿಯ ಹೆಸರಲ್ಲ, ಹಿಡಿದುಕೊಟ್ಟವಳದು. ತೋಳು ಬಿಚ್ಚಿದಳು, ಹೆಗಲು ಇಳಿಸಿದಳು; ಮಣಿಗಳನ್ನು ಒಂದೊಂದೇ ಕಿತ್ತು ಹೊಸ ಅಂಚಿಗೆ ಪೋಣಿಸಿದಳು. ಎರಡು ಸೂಜಿ ಮುರಿದವು. ಹೊಸತು ಹೊಲಿಯುವುದೇ ಇದಕ್ಕಿಂತ ಸುಲಭವಿತ್ತು. ಮೊದಲು ಬಂದದ್ದಕ್ಕಿಂತ ಒಂದು ಕೈ ಮೇಲೆಂಬಂತೆ ಅದು ತಯಾರಾಯಿತು.

ಧಾರೆಯ ದಿನ ಮದುಮಗಳು ಕೈಯೆತ್ತಿ ಮಾಲೆ ಹಾಕಿದಾಗ ಒಂದೆಳೆಯೂ ಅಲುಗಲಿಲ್ಲ. ಊಟಕ್ಕೆ ಮುಂಚೆ ಹೆಂಗಸರು ಅವಳ ಬೆನ್ನು ಮುತ್ತಿಕೊಂಡರು.

"ಯಾರ ಹತ್ರ ಹೊಲ್ಸಿದ್ದೇ? ಮೈಗೆ ಅಂಟಿಸಿದ ಹಾಗಿದೆ!"

"ಹೊಲ್ಸಿದ್ದಲ್ಲ ಆಂಟಿ, ಆನ್‌ಲೈನು. ಒಂದು ಸೈಜು ದೊಡ್ಡದು ತಗೊಳ್ಬೇಕು ಅಷ್ಟೆ. ಬೇಕಾದ್ರೆ ಮಂಗಳಕ್ಕನ್ನ ಕೇಳಿ."

ಎಲ್ಲರೂ ಸರ್ವಮಂಗಳಾಳ ಕಡೆ ತಿರುಗಿದರು. ತಾನು ತಿದ್ದಿದ್ದೆಂದರೆ, ಸರಿಯಿದ್ದದ್ದನ್ನು ವಾಪಸ್ ಕಳಿಸಿ ಅಷ್ಟು ದೊಡ್ಡದನ್ನು ತರಿಸಿದ್ದು ಯಾಕೆಂಬ ಪ್ರಶ್ನೆ ಬರುತ್ತದೆ. ಪಕ್ಕದಲ್ಲೇ ವನಜಮ್ಮ ನಿಂತಿದ್ದರು.

"ಹೌದು," ಎಂದಳು ಸರ್ವಮಂಗಳಾ. "ಒಂದು ಸೈಜು ದೊಡ್ಡದು."

ಫೋನುಗಳು ಹೊರಬಂದವು, ಅಲ್ಲೇ ಆರ್ಡರುಗಳೂ ಹೋದವು. ಹತ್ತು ದಿನದ ಮೇಲೆ ನಿತೀಶ್ ಹದಿನೇಳು ಡಬ್ಬ ತಂದು ಹೊಸ್ತಿಲಲ್ಲಿ ನಿಂತ. ಒಳಗೆ ಜಾಗವಿರಲಿಲ್ಲ.

"ಆ ಹೊಲಿಗೆ ಮೆಷಿನ್ ಒಂಚೂರು ಹೊರಗೆ ಇಟ್ರೆ ಆಗ್ತದೆ ಅಕ್ಕ," ಎಂದ.

ಅವಳು ಎದ್ದು ಒಂದು ಕಡೆ ಹಿಡಿದಳು.