ಇಲಿಬಾಲ

ಕೊನೆಯ ಕ್ಲಿಪ್ಪು ಟಪ್ಪೆಂದು ಹಾರಿ ಟೈರಿನ ಕೆಳಗೆಲ್ಲೋ ಉರುಳಿತು. ಬಂಪರನ್ನು ಎರಡೂ ತೋಳುಗಳಲ್ಲಿ ತಬ್ಬಿ ಎಳೆದೆ. ಕಾರಿನ ಮೂತಿ ಇಡಿಯಾಗಿ ಕೈಗೆ ಬಂತು. ಗ್ಯಾರೇಜಿನ ಗೋಡೆಗೆ ಒರಗಿಸಿ ತಿರುಗಿ ನೋಡಿದರೆ, ಅಂಥ ಜಂಬದ ಕಾರು ಹಲ್ಲಿನ ಸೆಟ್ಟು ತೆಗೆದಿಟ್ಟ ಮುದುಕನ ಹಾಗೆ ಕೂತಿತ್ತು.

"ಏನ್ ಡಾಕ್ಟ್ರೇ, ಹೊಟ್ಟೆ ಕೊಯ್ದಾಯ್ತಾ?" ಬೆಂಚಿನ ಮೇಲಿದ್ದ ಫೋನಿನಿಂದ ಭಾವ ಕೇಳಿದರು. ಬೆಳಗಿನಿಂದ ಬಿಟ್ಟು ಬಿಟ್ಟು ಫೋನ್ ಮಾಡುತ್ತಲೇ ಇದ್ದರು.

"ಈಗಷ್ಟೇ ಬಂಪರ್ ಬಿಚ್ಚಿದೆ. ಹೊಸ ಇಂಟರ್‌ಕೂಲರ್ ಕೂರುತ್ತಾ ಅಂತ ಹಿಡಿದು ನೋಡ್ಬೇಕು."

"ನೋಡೋದೇನು? ಒಳಗಡೆ ಅಡ್ಡಕ್ಕೆ ಒಂದು ಬೀಮ್ ಇದೆಯಲ್ಲ, ಅದನ್ನ ಕೊಯ್ದು ಬಿಸಾಕು. ತಾನಾಗೇ ಜಾಗ ಆಗುತ್ತೆ."

"ಅಳತೆ ನೋಡದೆ ಹೇಗೆ ಹೇಳ್ತೀರಿ ಭಾವ?"

"ಎಲ್ರೂ ಹಂಗೇ ಮಾಡೋದಂತೆ. ಕೊಯ್ದಿದ್ದನ್ನ ಅಲ್ಲೇ ಇಟ್ಕೋಬೇಡ ಮತ್ತೆ, ಇವತ್ತೇ ಗುಜರಿಗೆ ಹಾಕಿಬಿಡು." ಫೋನ್ ಕಟ್ಟಾಯಿತು.

ತಮ್ಮ ಈ ಕಾರಿಗೆ ಒಂದು ಸ್ಟಿಕ್ಕರ್ ಅಂಟಿಸಲೂ ಬಿಟ್ಟವರಲ್ಲ ಭಾವ. ಟರ್ಬೊ ಗಾಳಿಯನ್ನು ಹಿಂಡಿ ಎಂಜಿನ್ನಿಗೆ ತುರುಕುತ್ತದೆ; ಹಿಂಡಿಸಿಕೊಂಡ ಗಾಳಿ ಕಾಯುತ್ತದೆ; ಕಾದ ಗಾಳಿಗೆ ಕಸುವಿಲ್ಲ. ಅದನ್ನು ತಣಿಸುವುದೇ ಇಂಟರ್‌ಕೂಲರ್. ಈ ಕಾರಿನಲ್ಲಿ ಅದು ಎಂಜಿನ್ನಿನ ನೆತ್ತಿಯ ಮೇಲೆ ಕೂತು ತಾನೇ ಬೇಯುತ್ತಿತ್ತು. ದೊಡ್ಡದೊಂದನ್ನು ತಂದು ಮೂತಿಯಲ್ಲಿ ಕೂರಿಸೋಣ, ಎದುರುಗಾಳಿ ಸಿಗುತ್ತದೆ ಎಂದು ಎಷ್ಟು ಸಲ ಗೋಗರೆದಿದ್ದೆನೋ. "ಹುಟ್ಟಿದ ಹಾಗೇ ಇರಲಿ ಬಿಡೋ" ಅನ್ನುತ್ತಿದ್ದರು. ಈಗ ನಾನು ಬಾಯಿ ಬಿಡುವ ಮೊದಲೇ ಕಿಟ್ ತರಿಸಿದ್ದರು.

ಇಂಟರ್‌ಕೂಲರನ್ನು ಎತ್ತಿ ಹಿಡಿದೆ. ಬೀಮಿನ ಕೆಳಗೆ ಸಲೀಸಾಗಿ ಕೂತಿತು, ಮೇಲೆ ಬೆರಳು ತೂರುವಷ್ಟು ಜಾಗ ಬಿಟ್ಟು. ಕೊಯ್ಯುವ ಮಾತೇ ಇರಲಿಲ್ಲ.

ಹಾಗಾದರೆ ಯಾಕೆ?

ದೀಪ ಹತ್ತಿರ ಎಳೆದೆ. ಬೀಮಿನ ಎಡಗಡೆ ಒಳಕ್ಕೆ ಚಪ್ಪಟೆಯಾಗಿತ್ತು. ಅದರ ಮುಂದೆ ಏಟು ತಡೆಯಲು ಇಟ್ಟ ಸ್ಪಂಜು ಅಲ್ಲಿ ಹರಿದಿತ್ತು. ಬೀಮಿನ ಬೋಲ್ಟುಗಳ ತಲೆ ತಪ್ಪು ಅಳತೆಯ ಸ್ಪ್ಯಾನರಿನಲ್ಲಿ ತಿರುಗಿಸಿ ತಿರುಗಿಸಿ ಸವೆದುಹೋಗಿತ್ತು. ಯಾರೋ ಬಿಚ್ಚಲು ಹೆಣಗಿ ಸೋತಿದ್ದರು. ಗೋಡೆಗೆ ಒರಗಿದ್ದ ಬಂಪರಿನ ಒಳಮೈ ಮುಟ್ಟಿದೆ. ಧೂಳೇ ಇಲ್ಲ. ಹೊಸದು. ನನ್ನನ್ನು ಬಿಟ್ಟು ಬೇರೆಯವರ ಹತ್ತಿರ ಟೈರಿಗೆ ಗಾಳಿ ಕೂಡ ಹಾಕಿಸದ ಮನುಷ್ಯ ಕದ್ದುಮುಚ್ಚಿ ಬಂಪರ್ ಬದಲಿಸಿದ್ದರು.

ಸ್ಪಂಜಿನ ಸೀಳಿನೊಳಗೆ ಏನೋ ಹೊಳೆಯಿತು. ಇಕ್ಕಳದಲ್ಲಿ ಹಿಡಿದು ಜಗ್ಗಿದೆ. ಹೆಬ್ಬೆರಳುದ್ದದ ಕಬ್ಬಿಣದ ಕಡ್ಡಿ. ಒಂದು ತುದಿ ಮುರಿದಿತ್ತು; ಇನ್ನೊಂದು ತುದಿಯಲ್ಲಿ ಬೆಸುಗೆಯ ಗಂಟು, ಗಂಟಿನ ಕೊನೆಗೆ ಸಣ್ಣ ಬಾಲ.

ನನ್ನ ಬೆಸುಗೆ ಹಾಗೇ. ಕೊನೆಗೆ ಕೈ ಎತ್ತುವಾಗ ಮಣಿಕಟ್ಟು ತಿರುಗುತ್ತದೆ, ಬಾಲ ಉಳಿಯುತ್ತದೆ. ಎದುರು ಅಂಗಡಿಯ ಗಡಿಯಾರ ರಿಪೇರಿಯವರು, ನಮಗೆಲ್ಲ ಅವರು ಟಿಕ್‌ಟಿಕ್, ತಮ್ಮ ಸೈಕಲ್ಲಿನ ಕ್ಯಾರಿಯರ್ ಬೆಸುಗೆ ಹಾಕಿಸಿಕೊಂಡ ದಿನ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿ, "ಇದೇನಯ್ಯಾ, ಬೆಸುಗೆ ಹಾಕಿದ್ದೀಯೋ ಇಲಿಬಾಲ ಅಂಟಿಸಿದ್ದೀಯೋ?" ಎಂದು ಬೀದಿಗೆಲ್ಲ ಕೇಳುವ ಹಾಗೆ ನಕ್ಕಿದ್ದರು. ಆಮೇಲೆ ನನ್ನ ಹೆಸರೇ ಇಲಿಬಾಲ ಆಯಿತು.

ಹೋದ ತಿಂಗಳು ಅವರು ಸೈಕಲ್ಲಿನಲ್ಲಿ ಹೋಗುವಾಗ ಲಾರಿ ಹೊಡೆದು ತೀರಿಕೊಂಡರು ಎಂದರು. ಯಾರೂ ನೋಡಿರಲಿಲ್ಲ. ಲಾರಿಯೇ ಇರಬೇಕು ಎಂದು ಊಹಿಸಿದ್ದು ಅಷ್ಟೇ. ಅವರ ಅಂಗಡಿಯ ಗಾಜಿನ ಹಿಂದೆ ಗಡಿಯಾರಗಳು ಕೀ ಕೊಡುವವರಿಲ್ಲದೆ ಒಂದೊಂದಾಗಿ ನಿಂತವು. ಒಂದೊಂದರಲ್ಲೂ ಒಂದೊಂದು ಹೊತ್ತು. ಪೊಲೀಸರು ವಾಪಸ್ಸು ಕೊಟ್ಟ ಸೈಕಲ್ಲನ್ನು ಅವರ ಹೆಂಡತಿ ಇಲ್ಲಿ ತಂದುಬಿಟ್ಟಿದ್ದರು. "ರಿಪೇರಿ ಬೇಡಪ್ಪ. ಮನೇಲಿ ಕಣ್ಣಿಗೆ ಬೀಳೋದು ಬೇಡ, ಅಷ್ಟೇ."

ಮೂಲೆಗೆ ಹೋಗಿ, ಸೈಕಲ್ಲಿನ ಮೇಲಿದ್ದ ಗೋಣಿ ಸರಿಸಿ, ಕಡ್ಡಿಯನ್ನು ಕ್ಯಾರಿಯರಿನ ಮುರುಕಿಗೆ ಹಿಡಿದೆ. ಕಚ್ಚಿಕೊಂಡಿತು.

"ಊಟ ಮಾಡಿಲ್ಲ ತಾನೆ?" ಬಾಗಿಲಲ್ಲಿ ಅಕ್ಕ, ಕೈಯಲ್ಲಿ ಡಬ್ಬಿ. ಅಮ್ಮ ಹೋದ ಮೇಲೆ ತಾನಿನ್ನೂ ಲಂಗ ಉಟ್ಟುಕೊಂಡಿದ್ದಾಗಲೇ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು.

ಮೊದಲು ಬೀಮನ್ನು ನೋಡಿದಳು, ಆಮೇಲೆ ಸೈಕಲ್ಲನ್ನು, ಆಮೇಲೆ ನನ್ನ ಕೈಯನ್ನು. ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು. ನಾನೂ ಕಡ್ಡಿಯನ್ನು ಅದರ ಪಕ್ಕದಲ್ಲಿಟ್ಟೆ.

"ಭಾವ ಹೀಗೆ ಮಾಡ್ತಾರೆ ಅಂತ..."

"ಅವರನ್ನ ಅನ್ಬೇಡ." ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಸ್ಟೀರಿಂಗ್ ಹಿಡಿದಿದ್ದು ಅವರಲ್ಲ. ನಾನು."

ನಾನು ಸ್ಟೂಲಿನ ಮೇಲೆ ಕೂತೆ.

"ಒಂದ್ಸಲ ಓಡಿಸ್ತೀನಿ ಅಂತ ಹಟ ಮಾಡಿದೆ. ಒಂಚೂರು ಒತ್ತಿದೆ ಕಣೋ. ಮೊದ್ಲು ಏನೂ ಆಗ್ಲಿಲ್ಲ, ಅದಕ್ಕೇ ಇನ್ನೊಂಚೂರು ಒತ್ತಿದೆ. ಹಿಂದಿನಿಂದ ಯಾರೋ ಎತ್ತಿ ಎಸೆದ ಹಾಗಾಯ್ತು."

ಟರ್ಬೊ ಹಾಗೇ. ತಡೆದು, ಆಮೇಲೆ ಒಮ್ಮೆಗೇ. ಗೊತ್ತಿಲ್ಲದವರ ಕಾಲಿಗೆ ಅದು ತಿಳಿಯುವುದಿಲ್ಲ.

"ಕಾರ್ ನಿಲ್ಸಿದ್ಯಾ?"

"ನಿಲ್ಸಿದೆ. ಇಳೀಲಿಲ್ಲ." ಗೋಡೆ ನೋಡುತ್ತಿದ್ದಳು. "ಸೈಕಲ್ ಬೆಲ್ ಕೇಳಿಸ್ತು. ಬಿದ್ದ ಮೇಲೂ, ಒಂದ್ಸಲ."

ಹೊರಗೆ ಯಾರೋ ಸ್ಕೂಟರ್ ಒದ್ದು ಒದ್ದು ಸ್ಟಾರ್ಟ್ ಮಾಡಲು ನೋಡುತ್ತಿದ್ದರು. ಆಗಲಿಲ್ಲ. ತಳ್ಳಿಕೊಂಡು ಹೋದರು.

"ಬಂಪರ್ ಹೇಗೋ ಅವರೇ ಬದಲಿಸಿದ್ರು, ಬೀಮಿನ ಬೋಲ್ಟ್ ಬಿಚ್ಚೋಕೆ ಅವರ ಕೈಲಾಗ್ಲಿಲ್ಲ," ಅಂದಳು. "ಬೇರೆಯವರಾದ್ರೆ ಹೇಗೆ ಬಗ್ಗಿತು ಅಂತ ಕೇಳ್ತಾರೆ. ಇಂಟರ್‌ಕೂಲರ್ ಹಾಕು ಅಂದ್ರೆ ನೀನು ಕುಣ್ಕೊಂಡು ಹಾಕ್ತೀಯ, ಬೇರೇನೂ ನೋಡಲ್ಲ ಅಂದ್ಕೊಂಡ್ವಿ."

"ನನ್ನ ಬೆಸುಗೆ ಅಕ್ಕ ಅದು."

"ಗೊತ್ತಿರ್ಲಿಲ್ಲ ಕಣೋ, ಅದು ಅಲ್ಲಿ ಸಿಕ್ಕೊಂಡಿದೆ ಅಂತ."

ಫೋನು ನಡುಗತೊಡಗಿತು. ಭಾವ. ಬೆಂಚಿನ ತಗಡಿನ ಮೇಲೆ ಅದರ ಜೊತೆ ಕಡ್ಡಿಯೂ ಕಿಣಿಕಿಣಿ ನಡುಗಿತು. ಇಬ್ಬರೂ ಮುಟ್ಟಲಿಲ್ಲ. ತಾನಾಗಿ ನಿಂತಿತು.

ಎದುರು ಅಂಗಡಿಯ ಮುಂದೆ ಟಿಕ್‌ಟಿಕ್ ಅವರ ಹೆಂಡತಿ ಗಾಜು ಒರೆಸುತ್ತಿದ್ದರು. ಅಂಗಡಿ ತೆರೆಯುವುದಿಲ್ಲ, ಆದರೂ ಒರೆಸುತ್ತಾರೆ. ನಮ್ಮ ಕಡೆ ತಿರುಗಿ, ಅಕ್ಕನನ್ನು ಗುರುತಿಸಿ, ಬಟ್ಟೆ ಹಿಡಿದ ಕೈಯನ್ನೇ ಎತ್ತಿದರು. ಅಕ್ಕನ ಕೈ ಅಭ್ಯಾಸಬಲದಿಂದ ಅರ್ಧಕ್ಕೆ ಏರಿ ಅಲ್ಲೇ ನಿಂತಿತು.

ಆ ಕೈಯನ್ನು ಇಳಿಸಿ, ಗೋಡೆಯ ಮೊಳೆಯಿಂದ ಕಬ್ಬಿಣ ಕೊಯ್ಯುವ ಕಟರ್ ತೆಗೆದಳು. ಭಾರಕ್ಕೆ ತೋಳು ಜಗ್ಗಿತು. ಕೂಸನ್ನು ಹಸ್ತಾಂತರಿಸುವ ಹಾಗೆ ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು.

"ಅಕ್ಕ ಏನೂ ಕೇಳಿಲ್ಲ ನಿನ್ನ ಹತ್ರ, ಇಲ್ಲೀವರೆಗೆ. ತಗೋ."

"ಕೊಯ್ಯಲ್ಲ," ಅಂದೆ.

"ನನ್ನ ಮುಖ ನೋಡಿ ಹೇಳೋ."

ನೋಡಿದೆ.

"ಕೊಯ್ಯಲ್ಲ ಅಕ್ಕ."